ಮುಟ್ಟಿಸಿಕೊಂಡವನು

ಸಂಜೆ ಆರೂ ನಲವತ್ತಕ್ಕೆ ಒಂದೇ ರೈಡ್ ಬಾಕಿಯಿತ್ತು. ಕೆಂಪರಾಜುವಿನ ತಂಡ ಒಂದು ಅಂಕ ಹಿಂದಿತ್ತು. ಕಬಡ್ಡಿ ಆಟಗಾರರಿಗೆ ಸಂಬಳ ಬರತೊಡಗಿದ ಮೊದಲ ವರ್ಷವದು. ಪಂದ್ಯ ಸಮವಾದರೂ ಅವನ ಕರಾರು ಉಳಿಯುತ್ತಿತ್ತು.

ಮೊದಲರ್ಧದಲ್ಲಿ ಎದುರಾಳಿಯ ಬೆರಳು ಅವನ ಬೆನ್ನಿಗೆ ತಗುಲಿದ್ದನ್ನು ರೆಫರಿ ಕಂಡಿರಲಿಲ್ಲ. ಕೆಂಪರಾಜು ತಾನೇ ಕೈ ಎತ್ತಿ ಹೊರನಡೆದಿದ್ದ. "ಮುಟ್ಟುಸ್ಕೊಂಡವ್ನು ಕೈ ಎತ್ಬೇಕು ಕಣ್ಲಾ, ಇಲ್ದಿದ್ರೆ ಅದು ಆಟ್ವೇ ಅಲ್ಲ" ಎಂದು ಊರಿನ ಮಣ್ಣಿನ ಅಂಕಣದಲ್ಲಿ ಕೆನ್ನೆಗೆ ಬಾರಿಸಿ ಕಲಿಸಿದವನು ಚಲುವಣ್ಣ. ಆ ಚಲುವಣ್ಣ ಈಗ ಎದುರು ತಂಡದಲ್ಲಿದ್ದ.

ಕೆಂಪರಾಜು ಉಸಿರು ಕಟ್ಟಿ ನುಗ್ಗಿದ. ಬಾಗಿ ಚಲುವಣ್ಣನ ಮೊಣಕಾಲನ್ನು ಮುಟ್ಟಿ, ಗೆರೆ ದಾಟಿ ವಾಪಸಾದ.

"ಟಚ್ ಆಯ್ತು ಸಾರ್!"

"ನಾನು ನೋಡ್ಲಿಲ್ಲಪ್ಪ," ಎಂದ ರೆಫರಿ.

"ಚಲುವಣ್ಣನ್ನೇ ಕೇಳಿ ಸಾರ್, ಅವ್ನು ಸುಳ್ಳು ಹೇಳಕಿಲ್ಲ. ಅಣ್ಣೋ, ಕೈ ಎತ್ತಣ್ಣ!"

ಚಲುವಣ್ಣ ಅವನತ್ತ ನೋಡಲಿಲ್ಲ. ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತ.

"ಗಾಳಿ ಮುಟ್ಟಿರ್ಬೇಕು, ಸಾರ್."

ಒಂದು ಅಂಕದಿಂದ ಪಂದ್ಯ ಹೋಯಿತು, ಮರುದಿನ ಕರಾರೂ ಹೋಯಿತು.

ಮುಂದಿನ ಭಾನುವಾರ ಊರಿನ ಅಂಕಣದಲ್ಲಿ ಎದುರಾಳಿಯ ಬೆರಳು ಕೆಂಪರಾಜುವಿನ ಬೆನ್ನಿಗೆ ತಗುಲಿತು. ಅವನು ಕೈ ಎತ್ತಲಿಲ್ಲ.