ಟಗರಿನ ಕೊರಳ ವಾಕಿಟಾಕಿ

“ಟಗರಿನ ಹಗ್ಗ ಬಿಚ್ಚು ಎತ್ತಪ್ಪ. ಪೊಲೀಸ್ನೋರು ಬರೋದ್ರೊಳಗೆ ನಾನು ಹೊಡ್ಕಂಡು ಹೋಗ್ತೀನಿ.”

ಅದೇ ಬೀದಿಯ ಪಾಲಣ್ಣ ಅಂಗಳದಲ್ಲಿ ನಿಂತು ಹೀಗೆಂದಾಗ ಎತ್ತಪ್ಪನ ಜೀವ ಬಾಯಿಗೆ ಬಂತು. ಗುಡ್ಡದ ಮೇಲೆ ಒಂದು ಹಿಂಡನ್ನು ಎತ್ತಪ್ಪ, ಐಮಂಗಲದ ಕಡೆಯ ಬಯಲಲ್ಲಿ ಇನ್ನೊಂದನ್ನು ಹೆಂಡತಿ ನಾಗಕ್ಕ ಮೇಯಿಸುತ್ತಿದ್ದರು. ಗುಡ್ಡದ ಮರೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲವೆಂದು ಮಗಳು ಚಿತ್ರಾ ಒಂದು ಜೊತೆ ವಾಕಿಟಾಕಿ ತರಿಸಿಕೊಟ್ಟಿದ್ದಳು. ಒಂದು ನಾಗಕ್ಕನ ಸೊಂಟದಲ್ಲಿ. ಇನ್ನೊಂದು ಎತ್ತಪ್ಪನ ಕೈಯಲ್ಲಿರಬೇಕಿತ್ತು. ಈ ಪುಣ್ಯಾತ್ಮ ಅದನ್ನು ದೊರೆ ಎಂಬ ಟಗರಿನ ಕೊರಳಿಗೆ ಕಟ್ಟಿಬಿಟ್ಟಿದ್ದ! ನಾಗಕ್ಕ ಬಾಟ್ಲಿ ಹಾಲು ಕುಡಿಸಿ ಸಾಕಿದ ಟಗರು ಅದು. ಅವಳ ದನಿ ಕೇಳಿದರೆ ಸಾಕು, ಹೊರಡುತ್ತದೆ. ಅದು ಹೊರಟರೆ ಹಿಂಡೇ ಹಿಂದೆ. ಸಂಜೆ ನಾಗಕ್ಕ “ಹೊತ್ತಾತು, ಬಾ” ಎಂದು ಸೆಟ್ಟಿನಲ್ಲಿ ಕೂಗಿದರೆ ಕುರಿಗಳೆಲ್ಲ ತಾವೇ ಮನೆಯ ದಾರಿ ಹಿಡಿಯುತ್ತಿದ್ದವು. ಅಲ್ಲಿಯವರೆಗೂ ಎತ್ತಪ್ಪನಿಗೆ ಹೊಂಗೆ ನೆರಳಲ್ಲಿ ಸೊಂಪಾದ ನಿದ್ದೆ. ಗಂಡ ಈಚೆಗೆ ಎದುರು ಮಾತಾಡದೆ ತನ್ನ ಮಾತು ಕೇಳಿಸಿಕೊಳ್ಳುತ್ತಿದ್ದಾನಲ್ಲ ಎಂದು ಹಿಗ್ಗುತ್ತಿದ್ದ ನಾಗಕ್ಕ, ಇವತ್ತೇ ಗುಟ್ಟು ತಿಳಿದು, ಮುಖ ಊದಿಸಿಕೊಂಡು ಜಗಲಿಯ ಮೇಲೆ ಕೂತಿದ್ದಳು.

“ಲೈಸೆನ್ಸ್ ಇಲ್ದೆ ವೈರ್‌ಲೆಸ್‌ನಾಗೆ ಮಾತಾಡೋದು ಅಪರಾಧ ಕಣಯ್ಯ,” ಎಂದ ಪಾಲಣ್ಣ. “ಸೆಟ್ಟು ಟಗರಿನ ಕೊರಳಾಗೈತೆ ಅಂದ್ರೆ ಟಗರೇ ಸಾಕ್ಷಿ. ಸಾಕ್ಷೀನೇ ಇಲ್ಲ ಅಂದ್ಮೇಲೆ ಕೇಸೆಲ್ಲಿ ಬಂತು? ಬಿಟ್ಕೊಡು, ಊರಿನವನು ಅಂತ ಹೇಳ್ತಾ ಇದೀನಿ.”

ಬರುವ ವಾರ ಪಾಲಣ್ಣನ ಮೊಮ್ಮಗನ ನಾಮಕರಣ, ಭರ್ತಿ ಬಾಡೂಟ. ಸಾಕ್ಷಿ ಎಲ್ಲಿ ನಾಶವಾಗುತ್ತದೆಂದು ಎತ್ತಪ್ಪನಿಗೆ ಗೊತ್ತಿತ್ತು, ಆದರೂ ಪೊಲೀಸ್ ಎಂದರೆ ಅವನಿಗೆ ಎಲ್ಲಿಲ್ಲದ ಹೆದರಿಕೆ. ಹಗ್ಗಕ್ಕೆ ಕೈ ಹಾಕಿಯೇಬಿಟ್ಟ.

“ತಡಿಯಪ್ಪ, ಕೇಳಿ ನೋಡಾಣ,” ಎಂದು ಚಿತ್ರಾ ಫೋನು ತೆಗೆದಳು. ಅದರಲ್ಲೊಂದು ಎಐ ಏಜೆಂಟ್ ಇತ್ತು. ಯಾವ ತರಂಗ ಯಾರಿಗೆ ಮೀಸಲು, ಯಾವುದಕ್ಕೆ ಲೈಸೆನ್ಸ್ ಬೇಕು ಎಂಬ ರೇಡಿಯೋ ಕಾನೂನನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಹುಡುಕಿ ಹೇಳುವಂಥದ್ದು. ಅವಳು ಸೆಟ್ಟಿನ ಮಾಡೆಲ್ ನಂಬರ್ ಓದಿ ಹೇಳಿದಳು.

“ನಮಸ್ಕಾರ,” ಎಂದಿತು ಫೋನು, ಮದುವೆ ಮನೆಯ ಬೀಗರಂತೆ ವಿನಯವಾಗಿ. “ಈ ಸಾಧನವನ್ನು ಹಡಗಿನಲ್ಲಿ ಅಳವಡಿಸಲಾಗಿದೆಯೇ, ವಿಮಾನದಲ್ಲೋ, ಅಥವಾ ನೆಲದ ಮೇಲೆ ಚಲಿಸುವ ವಾಹನದಲ್ಲೋ?”

“ಟಗರಿನ ಮೇಲೆ,” ಎಂದಳು ಚಿತ್ರಾ.

“ಕ್ಷಮಿಸಿ, ನಿಯಮಗಳಲ್ಲಿ ಟಗರಿನ ಪ್ರಸ್ತಾಪ ಸಿಗುತ್ತಿಲ್ಲ. ಅದು ಚಲಿಸುತ್ತದೆಯೇ?”

“ಮೇವು ತೋರ್ಸಿದ್ರೆ ಚಲಿಸ್ತೈತೆ ಸ್ವಾಮಿ,” ಎಂದು ಎತ್ತಪ್ಪ ಕೈಮುಗಿದು ಉತ್ತರಿಸಿದ. ಫೋನಿಗೆ ಕೈಮುಗಿಯುವ ಗಂಡನನ್ನು ಕಂಡು ನಾಗಕ್ಕ ಹಣೆ ಚಚ್ಚಿಕೊಂಡಳು.

“ಹಾಗಾದರೆ ಅದನ್ನು ನೆಲದ ಮೇಲಿನ ಸಂಚಾರಿ ಕೇಂದ್ರವೆಂದು ಭಾವಿಸುತ್ತೇನೆ. ನೀವು ಹೇಳಿದ್ದು ಕಡಿಮೆ ಶಕ್ತಿಯ ಸೆಟ್. ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಸಂಚಾರಿ ಕೇಂದ್ರಕ್ಕೆ ಶುಭವಾಗಲಿ.”

ಎತ್ತಪ್ಪನಿಗೆ ಹೋದ ಜೀವ ಬಂದಂತಾಯಿತು. ದೊರೆಯ ಕುತ್ತಿಗೆ ತಬ್ಬಿಕೊಂಡು ಅತ್ತೇಬಿಟ್ಟ. ಅದನ್ನು ಕಂಡು ಪಾಲಣ್ಣನಿಗೆ ಮೈಯೆಲ್ಲ ಉರಿದುಹೋಯಿತು.

“ಲೈಸೆನ್ಸ್ ಬ್ಯಾಡ ಅಂತ ಬಾಯಿಗೆ ಬಂದಂಗೆ ಮಾತಾಡಬೋದಾ?” ಎಂದು ಕಿರುಚಿದ. “ಮೊನ್ನೆ ನಿನ್ನ ಹೆಂಡ್ರು ಸೆಟ್ಟಿನಾಗೆ ಏನಂದ್ಲು? ಪಾಲಣ್ಣನ ಮೂಗು ಮುಳುಗಾಯಿ ಅಂದ್ಲಲ್ಲ! ಅದೂ ಹುಳುಕು ಬದನೇಕಾಯಿ! ನಂಗೂ ಮಾನ ಮರ್ಯಾದೆ ಐತೆ!”

ನಾಗಕ್ಕ ನಿಧಾನವಾಗಿ ಜಗಲಿಯಿಂದ ಇಳಿದಳು.

“ಅಂದೆ ಕಣಪ್ಪ, ಅಂದಿದ್ದು ನಿಜ. ಬಯಲಾಗೆ ನಾನೊಬ್ಳೇ ಇದ್ದೆ. ಈಕಡೆ ಕೇಳಿಸ್ಕಂಡಿದ್ದು ಟಗರು. ನಿಂಗೆ ಯಾರು ಹೇಳಿದ್ರು, ದೊರೇನಾ?”

ಅಷ್ಟರಲ್ಲಿ ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದ ಫೋನು ಬಾಯಿ ಹಾಕಿತು: “ಮೂರನೆಯ ಸೆಟ್ ಒಂದು ಇರುವಂತಿದೆ. ಅದು ಹೆಚ್ಚು ಶಕ್ತಿಯದಾದರೆ ಲೈಸೆನ್ಸ್ ಕಡ್ಡಾಯ. ದಯವಿಟ್ಟು ಅದರ ಒಡೆಯರ ಹೆಸರು ಹೇಳುವಿರಾ?”

“ಮನೇಲಿ ಎಮ್ಮೆ ಈಯ್ತಾ ಐತೆ,” ಎಂದವನೇ ಪಾಲಣ್ಣ ಹೊರಟುಬಿಟ್ಟ. ಅವನ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಅವನು ಬೀದಿಯ ಕೊನೆಯ ತನ್ನ ಮನೆ ಸೇರುವಷ್ಟು ಹೊತ್ತು ಕಳೆದಿರಬೇಕು. ದೊರೆಯ ಕೊರಳಲ್ಲಿ ಕರ್‌ರ್ ಎಂದು ಸದ್ದಾಗಿ, ಪಾಲಣ್ಣ ಹೆಂಡತಿಯನ್ನು ಕರೆಯುವ ದನಿಯೇ ಕೇಳಿಸತೊಡಗಿತು: “ಲೇ ರೋಜಾ, ಬೇಗ ಬಾರೆ! ಈ ದರಿದ್ರ ಸೆಟ್ಟನ್ನ ಎಲ್ಲಾದ್ರೂ ಬಚ್ಚಿಡಬೇಕು, ಪೊಲೀಸ್ನೋರು ಬಂದ್ರೆ ನನ್ನ ಕತೆ ಮುಗೀತು. ಹಿತ್ತಲ ಹುಲ್ಲಿನ ಬಣವೇಲಿ ಹುಗೀತೀನಿ, ಯಾರಿಗೂ ಉಸಿರಬ್ಯಾಡ!”

ಗಾಬರಿಯಲ್ಲಿ ಮಾತಾಡುವ ಗುಂಡಿಯನ್ನೇ ಅದುಮಿ ಹಿಡಿದಿದ್ದಾನೆಂದು ತಿಳಿದ ಚಿತ್ರಾ ಬಿದ್ದು ಬಿದ್ದು ನಕ್ಕಳು. ಎತ್ತಪ್ಪ ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು ಟಗರಿನ ಮುಖವನ್ನೇ ನೋಡುತ್ತಿದ್ದ. ಆಚೆ ಕಡೆ ದನಿ ನಿಂತ ಮೇಲೆ ನಾಗಕ್ಕ ದೊರೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಕೊರಳಿನ ಸೆಟ್ಟಿನ ಗುಂಡಿ ಒತ್ತಿ, ತುಂಬ ಅಕ್ಕರೆಯಿಂದ ಹೇಳಿದಳು:

“ಬಣವೇಲಿ ಬ್ಯಾಡ ಪಾಲಣ್ಣ, ನಾಳೆ ನಮ್ಮ ಕುರಿ ಆಕಡೀಕೇ ಮೇಯಾಕೆ ಬರ್ತಾವೆ.”