ಒಗೆಯದೆ ಇಟ್ಟ ಸಮವಸ್ತ್ರ

ಮೇಜರ್ ತನ್ನ ಮೇಲೆ ಬಲಾತ್ಕಾರ ಮಾಡಿದಾಗ ತೊಟ್ಟಿದ್ದ ಸಮವಸ್ತ್ರವನ್ನು ಆ ಮಹಿಳಾ ಸಿಪಾಯಿ ಒಗೆಯದೆ, ಕಾಗದದಲ್ಲಿ ಸುತ್ತಿ ತಂದು ಕರ್ನಲ್ಲರ ಮೇಜಿನ ಮೇಲಿಟ್ಟಳು.

“ಡಿಎನ್‌ಎ ಪರೀಕ್ಷೆಗೆ ಕಳಿಸಿ ಸರ್. ಎಲ್ಲಾ ಇದರಲ್ಲೇ ಇದೆ.”

“ಪೊಲೀಸರ ಹತ್ರ ಹೋಗಿಲ್ಲ ತಾನೆ?”

“ಹೋಗು ಅಂತ ಅಪ್ಪ ಅಂದ್ರು. ನಮ್ಮ ಪಲ್ಟನ್ ನನ್ನ ಕೈ ಬಿಡಲ್ಲ ಅಂದೆ.”

ಕರ್ನಲ್ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. “ನನ್ನ ಮಗಳಿದ್ದ ಹಾಗೆ ಕಣಮ್ಮ ನೀನು. ಮೊಹರು ನಾನೇ ಹಾಕಿ ಕಳಿಸ್ತೀನಿ.”

ಕೋರ್ಟ್ ಮಾರ್ಷಲ್‌ನಲ್ಲಿ ವರದಿ ಓದಿದರು. ಬಟ್ಟೆಯ ಮೇಲೆ ಯಾರ ಗುರುತೂ ಸಿಕ್ಕಿರಲಿಲ್ಲ.

“ಬಟ್ಟೆ ತೋರಿಸಿ,” ಎಂದಳು.

ಕರ್ನಲ್ಲರ ಮೊಹರಿದ್ದ ಪೊಟ್ಟಣವನ್ನು ಅವಳೆದುರು ಬಿಚ್ಚಿದರು. ಸಮವಸ್ತ್ರ ಅವಳದೇ. ಒಗೆದು, ಗಂಜಿ ಹಾಕಿ, ಪರೇಡಿಗೆ ತೊಡುವ ಹಾಗೆ ಇಸ್ತ್ರಿ ಮಾಡಿದ್ದರು.