ಮಂಚದ ಪಕ್ಕದ ಗೋಡೆ

ಸುಣ್ಣ ಬಳಿಯುವವನು ಅಮ್ಮ ಹಗಲಲ್ಲಿ ತನ್ನ ಮಂಚದ ಪಕ್ಕ ಗೋಡೆಗೆ ನೇತುಹಾಕುತ್ತಿದ್ದ ಹಳೆಯ ಹೊದಿಕೆಯನ್ನು ಕಿತ್ತು ನಕ್ಕ. "ಏನಣ್ಣ, ಮನೇಲಿ ಚಿಕ್ಕ ಮಕ್ಕಳಿದ್ದಾರಾ? ಗೋಡೆ ತುಂಬಾ ಕೈ ಗುರುತು!"

ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಮಗ ಹತ್ತಿರ ಹೋಗಿ ನೋಡಿದ. ಅಮ್ಮ ಮೊಣಕಾಲಿಗೆ ತಿಕ್ಕಿಕೊಳ್ಳುವ ನೋವಿನೆಣ್ಣೆ ಅಂಗೈ ಅಂಗೈಯಾಗಿ ಗೋಡೆಗೆ ಹತ್ತಿತ್ತು. ಹಳೆಯ ಗುರುತುಗಳು ಅವನ ಎದೆಯ ಎತ್ತರಕ್ಕಿದ್ದವು. ಹೊಸವು ಕೆಳಗೆ, ಇನ್ನೂ ಕೆಳಗೆ ಇಳಿದಿದ್ದವು. ದಿನಾ ಬೆಳಿಗ್ಗೆ ಕೇಳಿದರೆ ಅವಳು "ಕಣ್ತುಂಬ ನಿದ್ದೆ ಬಂತು ಕಣೋ" ಎನ್ನುತ್ತಿದ್ದಳು. ಮಧ್ಯಾಹ್ನ ತೂಕಡಿಸಿದರೆ "ಎದ್ದು ಓಡಾಡು, ಸೋಮಾರಿ ಆಗ್ಬೇಡ" ಎಂದು ಇವನು ರೇಗುತ್ತಿದ್ದ. ನಿನ್ನೆಯೂ ರೇಗಿದ್ದ.

ಕೊನೆಯ ಗುರುತು ನೆಲದಿಂದ ಒಂದೇ ಗೇಣು ಮೇಲಿತ್ತು. ಮುಟ್ಟಿದ. ಎಣ್ಣೆ ಬೆರಳಿಗೆ ಅಂಟಿತು.

"ಅಮ್ಮಾ, ರಾತ್ರಿ ಬಿದ್ದಿದ್ದೆಯಾ?"

ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅವಳು ಮಗನ ಕಡೆ ನೋಡಲೇ ಇಲ್ಲ. "ಬೇಗ ಬಳಿದುಬಿಡಪ್ಪ," ಎಂದಳು ಸುಣ್ಣದವನಿಗೆ, "ಒಂದೂ ಕಾಣಬಾರದು ನೋಡು."

ಅವನು ಕುಂಚ ಅದ್ದಿ ತಲೆಯಾಡಿಸಿದ.

"ಎಣ್ಣೆ ಜಿಡ್ಡಮ್ಮ ಇದು. ಎಷ್ಟು ಬಳಿದ್ರೂ ಎದ್ದು ಬರ್ತದೆ."